ಎಲ್ಲಾರೂ ಆರಾಮ ಅದೀರೇನ್ರಿ?

ಇವತ್ತಿನ ನನ್ನ ಖರ್ಚು ಇಷ್ಟು, ಗೆಳೆಯರೇ: ಮೂಡಲಗಿಯಿಂದ ಗೋಕಾಕಕ್ಕೆ ಬಸ್ ಚಾರ್ಜು, ವಿಡಿಯೋ ಮಾಡುವವರ ಸಮಾವೇಶಕ್ಕೆ ಪ್ರವೇಶ ಶುಲ್ಕ ಇನ್ನೂರು ರೂಪಾಯಿ, ಅಂಗಡಿ ಮುಚ್ಚಿ ಕಳೆದುಕೊಂಡ ಒಂದು ದಿನದ ವ್ಯಾಪಾರ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಕಮಲಕ್ಕನಿಗೆ ಬಸ್ಸು ಪುಕ್ಕಟೆ.

ಅವಳದು ಅಡುಗೆಯ ಚಾನೆಲ್. ರೊಟ್ಟಿ ಬಡಿಯುವ ಮೊದಲೇ ನೋಡುಗರು ಬಿಟ್ಟುಹೋಗುತ್ತಾರೆ. ಈ ತಿಂಗಳೂ ಹೀಗೇ ಆದರೆ ಮುಚ್ಚಿಬಿಡು ಎಂದು ಅವಳ ಯಜಮಾನರು ಹೇಳಿಯಾಗಿದೆ. ಚರ್ಚಾಗೋಷ್ಠಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದಳು.

ವೇದಿಕೆಯಲ್ಲಿದ್ದ ಬೆಂಗಳೂರಿನ ತಜ್ಞರು, "ಮೊದಲ ಐದು ಸೆಕೆಂಡಲ್ಲೇ ವಿಷಯಕ್ಕೆ ಬರಬೇಕಮ್ಮ. ನೀವು ಹೇಗೆ ಶುರು ಮಾಡ್ತೀರ, ತೋರಿಸಿ" ಎಂದು ಮೈಕು ಕೊಡಿಸಿದರು.

"ನಮಸ್ಕಾರ್ರಿ. ಎಲ್ಲಾರೂ ಆರಾಮ ಅದೀರೇನ್ರಿ?"

"ಆರಾಮ ಅದೇವ್ರಿ, ನೀವು?" ಎಂದಿತು ಇಡೀ ಸಭಾಂಗಣ.

"ನಾವೂ ಆರಾಮ್ರಿ. ಚಾ ಆತೇನ್ರಿ?"

"ಎಲ್ಲಿ ಚಾ ತಂಗಿ, ಇನ್ನೂ ಈ ಸಾಲಿಗೆ ಬಂದಿಲ್ಲ" ಎಂದರು ಹಿಂದೆ ಕುಳಿತ ಕಾಕಾ. ಚಹಾ ತರಿಸುವುದರಲ್ಲಿ ಗೋಷ್ಠಿಯ ಸಮಯ ಮುಗಿಯಿತು.

"ಸಮಸ್ಯೆ ಇದೇ ನೋಡಿ" ಎಂದರು ತಜ್ಞರು.

ಹೊರಗೆ ಬಂದು ಕಮಲಕ್ಕ ಅವರು ಹೇಳಿದಂತೆಯೇ ರೆಕಾರ್ಡ್ ಮಾಡಿದಳು: "ಇವತ್ತ ಜ್ವಾಳದ ರೊಟ್ಟಿ." ತಾನೇ ನೋಡಿ, ತಾನೇ ಅಳಿಸಿದಳು.

"ಜಗಳಾ ಮಾಡಿ ಬಂದು ಅಡಗಿಗೆ ನಿಂತಂಗ ಆತಲ್ರಿ ಅಣ್ಣಾ. ಮುಚ್ಚಿದ್ರ ಮುಚ್ಚಲಿ, ಆರಾಮ ಅದೀರೇನ್ರಿ ಅಂತ ಕೇಳೂದ ಬಿಡೂದಿಲ್ಲ."

ಗಳಿಕೆ: ತಜ್ಞರಿಗೆ ಶಾಲು, ಕರದಂಟಿನ ಡಬ್ಬಿ. ನನಗೆ ಮಧ್ಯಾಹ್ನದ ಊಟ. ಕಮಲಕ್ಕನಿಗೆ, ಚಾನೆಲ್ ಶುರುವಾದ ಮೇಲೆ ಮೊದಲ ಸಲ, ಕೇಳಿದ್ದಕ್ಕೆ ಉತ್ತರ.