ಹಾಲು ಹರಿದ ದಾರಿ

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ನಾನೇ. ನಡುಮನೆಯಲ್ಲಿ ಮೂರು ಇಟ್ಟಿಗೆ ಇಟ್ಟು, ಕುಳ್ಳಿನ ಬೆಂಕಿ ಮಾಡಿ, ಹೊಸ ಪಾತ್ರೆಯಲ್ಲಿ ಹಾಲು ಕಾಯಿಸಿದೆವು. ಉಕ್ಕಿದ ಹಾಲು ಇಟ್ಟಿಗೆಯಿಂದ ಇಳಿದು, ತಲೆಬಾಗಿಲ ಕಡೆ ಹೋಗದೆ ಹಿಂದಿನ ಕೋಣೆಯ ಕಡೆ ಹೊರಟಿತು. ಟೈಲ್ಸಿನ ಮೇಲೆ ಬೆಳ್ಳಗೆ ಗೆರೆ ಎಳೆದ ಹಾಗೆ ಹರಿದು, ಆ ಕೋಣೆಯ ಮೂಲೆಗೆ ಹೋಗಿ ನಿಂತಿತು.

ಬಂದವರೆಲ್ಲ ಲಕ್ಷ್ಮಿ ಒಳಗೇ ಹೋದಳು ಎಂದರು. ಅಕ್ಕೋಳದಿಂದ ಬಂದಿದ್ದ ನನ್ನ ಅತ್ತಿಗೆ ಆ ಮೂಲೆಯ ಗೋಡೆಗೆ ಅರಿಷಿಣ ಕುಂಕುಮ ಹಚ್ಚಿಯೇ ಬಿಟ್ಟಳು. ಹಾಲು ಯಾಕೆ ಅತ್ತಲೇ ಹೋಯಿತು ಎಂದು ಅಷ್ಟು ಜನರಲ್ಲಿ ಒಬ್ಬರೂ ನೆಲವನ್ನು ನೋಡಲಿಲ್ಲ.

ನಮ್ಮ ಯಜಮಾನರು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ದಿವಾಣಜಿ, ಅಂದರೆ ಲೆಕ್ಕ ಬರೆಯುವವರು. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿ ಇದ್ದೆವು. ಆ ಓಣಿಯಲ್ಲಿ ಒಗೆದು ಹಾಕಿದ ಸೀರೆಗೂ ತಂಬಾಕಿನ ಘಾಟು. ಹೆದ್ದಾರಿಯ ಆಚೆ ಬಿಲ್ಡರ್ ಒಬ್ಬ ನಾಲ್ಕು ಮನೆಗಳನ್ನು ಸಾಲಾಗಿ ಕಟ್ಟಿದ. ಮೊದಲನೆಯದನ್ನು ನಾವು ತೆಗೆದುಕೊಂಡೆವು. ನಮಗೆ ಒಬ್ಬಳೇ ಮಗಳು, ಅಥಣಿ ಕಡೆಯ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದೆವು. ಐದು ವರ್ಷ ಮಕ್ಕಳಾಗಿರಲಿಲ್ಲ. ಹಾಲು ಉಕ್ಕಿಸಿದ ಮರುತಿಂಗಳೇ ಅವಳು ಬಸಿರು ಎಂಬ ಸುದ್ದಿ ಬಂತು. ಇನ್ನು ಕೇಳಬೇಕೇ, ಎಲ್ಲ ಆ ಹಾಲಿನ ಗುಣವೇ ಎಂದಾಯಿತು. ಹಾಲು ನಿಂತ ಕೋಣೆಯನ್ನೇ ಬಾಣಂತಿ ಕೋಣೆ ಮಾಡುವುದೆಂದು ನಾನು ಅಂದೇ ನಿಶ್ಚಯ ಮಾಡಿದೆ. ಬಾಣಂತಿ ಮಲಗುವ ಹೊರಸಿಗೆ ಹೊಸ ಹುರಿ ಹೆಣೆಸಿದೆ, ಹೊರಸಿನ ಕೆಳಗೆ ಕೆಂಡ ಇಡಲು ಶೇಗಡಿ ತಂದಿಟ್ಟೆ.

ಜೂನಿನ ಮೊದಲ ವಾರ ಮಿರಗದ ಮಳೆ ಬಿತ್ತು. ಎರಡನೆಯ ದಿನ ಹಿಂದಿನ ಕೋಣೆಗೆ ಹೋದರೆ ಸೂರಿನ ಅಂಚು ಕಪ್ಪಾಗಿತ್ತು. ನೀರು ಗೋಡೆಗುಂಟ ಇಳಿದು, ಕುಂಕುಮವನ್ನು ಕರಗಿಸಿಕೊಂಡು, ಹಾಲು ನಿಂತ ಜಾಗದಲ್ಲೇ ಕೆಂಪಗೆ ನಿಂತಿತ್ತು. ನಡುಮನೆಯ ಕಿಟಕಿಯಿಂದ ಬಿದ್ದ ಎರಚಲೂ ಅದೇ ಗೆರೆ ಹಿಡಿದು ಅಲ್ಲಿಗೇ ಬಂದು ಸೇರುತ್ತಿತ್ತು. ಆ ಕೆಂಪು ನೀರು ರಕ್ತದ ಹಾಗೆ ಕಂಡಿತು. ಯಜಮಾನರು ಬರುವ ಮೊದಲೇ ಒರೆಸಿಬಿಟ್ಟೆ.

ಬಿಲ್ಡರನನ್ನು ಕರೆಸಿದೆವು. ಅವನು ಸೂರನ್ನು ತನ್ನ ಮಗನನ್ನು ನೋಡಿದಷ್ಟು ಪ್ರೀತಿಯಿಂದ ನೋಡಿದ.

"ಕಾಳಜಿ ಮಾಡಬ್ಯಾಡ್ರಿ ಕಾಕೂ. ಹೊಸಾ ಸ್ಲ್ಯಾಬ್ ಮೊದಲನೇ ಮಳಿಗಾಲ ನೀರು ಕುಡೀತೈತಿ. ಎಂಟ್ ದಿವಸ ತಡೀರಿ."

"ಕುಡದದ್ದೆಲ್ಲಾ ನಮ್ಮ ಮನ್ಯಾಗ ಕಾರಾಕತ್ತೈತೆಪಾ. ಇಷ್ಟ ಕುಡಿಸಬಾರದಿತ್ತು ನೀ ಅದಕ್ಕ."

ಅವನು ನಕ್ಕು ಹೋದ. ಎಂಟು ದಿನ ಮುಗಿದರೆ ಮತ್ತೆ ಎಂಟು ದಿನ. ಯಜಮಾನರು ಅವನ ಆಫೀಸಿಗೆ ಜಗಳ ಮಾಡಲು ಹೋಗುವರು, ಚಹಾ ಕುಡಿದು ಬರುವರು. ಒಮ್ಮೆ ಅವನ ಗೌಂಡಿ, ಅಂದರೆ ಗಾರೆ ಕೆಲಸದವನು, ಬಂದು, ಮಟ್ಟ ನೋಡಲು ನೀರು ತುಂಬಿದ ಕೊಳವೆಯನ್ನು ನೆಲದ ಮೇಲೆ ಹಾಸಿ, ಎಲ್ಲ ಬರೋಬರಿ ಐತಿ ಎಂದು ಹೇಳಿ ಸುತ್ತಿಕೊಂಡು ಹೋದ. ಕೋಣೆಯಲ್ಲಿ ಬೂಸು ಹಿಡಿಯಿತು. ಹೊರಸಿನ ಹೊಸ ಹುರಿ ತಣ್ಣಗೆ ಹಾವಿನ ಹಾಗೆ ಕೈಗೆ ಹತ್ತುತ್ತಿತ್ತು. ಬಾಣಂತಿಗೆ ಥಂಡಿ ತಾಗಿದರೆ ಏನಾಗುತ್ತದೆ ಎಂದು ಹಳೆಯ ಓಣಿಯಲ್ಲಿ ಎರಡು ಮನೆಗಳಲ್ಲಿ ನಾನು ಕಣ್ಣಾರೆ ಕಂಡಿದ್ದೆ.

ಸುದ್ದಿ ಅಥಣಿ ಮುಟ್ಟಿತು. ಬೀಗತಿ ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡಿದರು. ಮನೆ ಸೋರುತ್ತದಂತೆ, ಬಾಣಂತನ ಇಲ್ಲೇ ಆಗಲಿ, ನೀವೇ ಬಂದು ಇದ್ದುಬಿಡಿ ಎಂದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಆಮೇಲೆ ಮಗಳು ಫೋನು ಇಸಿದುಕೊಂಡು ಅಡುಗೆಮನೆಗೆ ಹೋಗಿರಬೇಕು, ದನಿ ಸಣ್ಣದಾಯಿತು.

"ಯವ್ವಾ, ಇಲ್ಲಿ ಅತ್ತಿ ಮುಂದ ನಾ ಹೆಂಗ ಅಳಲಿ? ನೋವು ಬಂದ್ರ ಒದರಾಕ ಸೈತ ಆಗೂದಿಲ್ಲ."

ಶ್ರಾವಣದ ನಡುವೆ ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಇತ್ತು. ಅದು ಮುಗಿದ ಮೇಲೆ ಅವಳು ತವರಿಗೆ ಬರಬೇಕು. ಅಷ್ಟರೊಳಗೆ ಆ ಕೋಣೆ ಒಣಗದಿದ್ದರೆ ಅವಳು ಬರುವಂತಿರಲಿಲ್ಲ.

ಇನ್ನು ಲಿಂಬೆಹಣ್ಣಿನ ಮಾತು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವವಳು ನಾನು, ಸುಳ್ಳು ಬರೆದು ಬೆರಳು ನೋಯಿಸಿಕೊಳ್ಳುವುದು ಯಾಕೆ? ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮಗಳಿಗೆಂದು ಉಪ್ಪಿನಕಾಯಿ ಹಾಕಲು ಲಿಂಬೆಹಣ್ಣು ತಂದಿದ್ದೆ. ಚೀಲದಿಂದ ಒಂದು ಉರುಳಿ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲದೆ, ಯಾರೋ ಕರೆದ ಹಾಗೆ ಹಿಂದಿನ ಕೋಣೆಗೆ ಹೋಯಿತು. ಎತ್ತಿ ತಂದು ಮತ್ತೆ ಇಟ್ಟೆ, ಮತ್ತೆ ಹೋಯಿತು. ಆಗ ನನಗೆ ಹಾಲಿನ ಗುಟ್ಟು ತಿಳಿಯಿತು. ಲಕ್ಷ್ಮಿಯೂ ಅಲ್ಲ, ಗಿಕ್ಷ್ಮಿಯೂ ಅಲ್ಲ, ನೆಲವೇ ವಾಲಿತ್ತು. ನಾಚಿಕೆಯಾಯಿತು. ಅಂದಿನಿಂದ ಅದೇ ಹಣ್ಣನ್ನು ದೇವರ ಜಗಲಿಯ ಮೇಲೆ ಇಟ್ಟುಕೊಂಡು, ದಿನಾ ಒಂದೊಂದು ಕಡೆ ಉರುಳಿಸಿ ನೋಡತೊಡಗಿದೆ. ಸಾಲು ಮನೆಗಳಿಗೆಲ್ಲ ಸೇರಿದ ಹೊರಗಿನ ವರಾಂಡವೂ ವಾಲಿತ್ತು. ಅಲ್ಲಿ ಇಟ್ಟರೆ ಹಣ್ಣು ಪಕ್ಕದ ಖಾಲಿ ಮನೆಯ ಬಾಗಿಲಿಗೆ ಹೋಗಿ ಕೂರುತ್ತಿತ್ತು.

ಒಂದು ರವಿವಾರ ಬೆಳಿಗ್ಗೆ ಹೊರಗೆ ಉರುಳಿಸಿದ ಹಣ್ಣನ್ನು ಎತ್ತಿಕೊಳ್ಳಲು ಮರೆತೆ. ಅಂದು ಅಮಾವಾಸ್ಯೆ ಎಂಬುದನ್ನು ನೋಡಿರಲಿಲ್ಲ ಎಂದು ಯಜಮಾನರಿಗೆ ಇಂದಿಗೂ ಹೇಳುತ್ತೇನೆ. ಹಣ್ಣಿಗೆ ಕುಂಕುಮ ಹೇಗೆ ಹತ್ತಿತ್ತು ಎಂದು ಅವರು ಕೇಳಿಲ್ಲ. ಕೊಳ್ಳಲೆಂದು ಪಕ್ಕದ ಮನೆ ನೋಡಲು ಏಕಸಂಬಿಯಿಂದ ಗಂಡ ಹೆಂಡತಿ ಮುದುಕಿಯೊಬ್ಬಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲಿ ಕುಂಕುಮದ ಲಿಂಬೆಹಣ್ಣು ಕಂಡದ್ದೇ ಮುದುಕಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮಾಟ ಮಾಡಿಸಿದ ಮನೆ ಎಂದು ಮಗನಿಗೆ ಹೇಳಿ ಸೀದಾ ಗಾಡಿ ಹತ್ತಿ ಕೂತಳು.

ಕಿಟಕಿಯ ಹಿಂದೆ ನಿಂತು ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಬಸುರಿ ಮಗಳು ಬರಬೇಕಾದ ಮನೆಗೆ ನಾನೇ ಎಂಥ ಹೆಸರು ತಂದೆ? ಈ ಮಾತು ಅಥಣಿ ಮುಟ್ಟಿದರೆ ಬೀಗತಿ ಅವಳನ್ನು ಹೊಸ್ತಿಲು ದಾಟಿಸುವರೇ?

ಸಂಜೆಯೊಳಗೆ ಬಿಲ್ಡರ್ ಬಂದ. ಕರೆಯದೆ ಬಂದದ್ದು ಅದೇ ಮೊದಲು. ಜೊತೆಗೆ ಗೌಂಡಿಯೂ ಇದ್ದ.

"ಕಾಕೂ, ನೀವು ಶಾಣ್ಯಾರು. ಹಿಂಗ ಲಿಂಬಿಹಣ್ಣ ಮಾಡಸೂದು ಛಲೋ ಅಲ್ರಿ."

"ನಾ ಏನೂ ಮಾಡಸಿಲ್ಲ ತಮ್ಮಾ. ತಗೋ, ನೀನ ಇಡು."

ಅವನು ಕೈ ಚಾಚಲಿಲ್ಲ. ಗೌಂಡಿಯೇ ಹಣ್ಣು ತೆಗೆದುಕೊಂಡು ನಡುಮನೆಯಲ್ಲಿ ಇಟ್ಟ. ಅದು ಒಂದು ಗಳಿಗೆ ಸುಮ್ಮನಿದ್ದು, ಮೆಲ್ಲಗೆ ಹೊರಳಿ, ಒಳಬಾಗಿಲು ದಾಟಿ, ಒದ್ದೆ ಮೂಲೆಗೆ ಹೋಗಿ ನಿಂತಿತು. ಬಿಲ್ಡರ್ ಗೌಂಡಿಯ ಮುಖ ನೋಡಿದ. ಗೌಂಡಿ ಸೂರು ನೋಡಿದ.

"ಮಾಟಾ ಮಾಡ್ಯಾಂವ ಇಂವಾ. ಇನ್ನ ಮೂರು ಮನೀಗೂ ಮಾಡ್ಯಾನೋ ಏನೋ, ನೋಡಾಕ ಬಂದವರಿಗೆಲ್ಲಾ ಹಣ್ಣ ಉಳ್ಳಿಸಿ ತೋರಸ್ಲೇನು?" ಎಂದೆ, ಗೌಂಡಿಯ ಕಡೆ ಬೆರಳು ಮಾಡಿ.

ಮರುದಿನ ಕೆಲಸ ಶುರುವಾಯಿತು. ಮಾಳಿಗೆಯ ನೀರು ಹೊರಗೆ ಬೀಳುವ ಪೈಪಿನ ಬಾಯಿಗೆ ಮನೆ ಕಟ್ಟುವಾಗ ಸಿಮೆಂಟಿನ ಖಾಲಿ ಚೀಲ ತುರುಕಿದ್ದರು. ಅದನ್ನು ತೆಗೆಯದೆ ಮೇಲೆ ಸಿಮೆಂಟಿನ ಗಿಲಾಯಿ ಮಾಡಿ ಬಣ್ಣವನ್ನೂ ಬಳಿದಿದ್ದರು. ನೀರಿಗೆ ದಾರಿಯೇ ಇಲ್ಲದೆ ನಮ್ಮ ಗೋಡೆ ಹಿಡಿದಿತ್ತು. ಪೈಪು ಬಿಡಿಸಿದರು, ಮಾಳಿಗೆಗೆ ಹೊಸ ಗಿಲಾಯಿ ಮಾಡಿದರು, ನೆಲವನ್ನೂ ಅಗೆದು ಮತ್ತೆ ಹಾಕಿದರು. ಆದರೆ ಗೋಡೆಯ ಹಸಿ ಎಲ್ಲಿ ಹೋಗಬೇಕು? ಕುಬಸಕ್ಕೆ ಎಂಟೇ ದಿನ ಉಳಿದಿತ್ತು. ಮಗಳಿಗೆಂದು ತಂದ ಶೇಗಡಿಯಲ್ಲಿ ಕೆಂಡ ತುಂಬಿ ಆ ಗೋಡೆಯ ಮುಂದೆ ಇಟ್ಟೆ. ಬಾಣಂತನ ಗೋಡೆಗೇ ಮಾಡಿದ ಹಾಗಾಯಿತು.

ಅಥಣಿಯಲ್ಲಿ ಕುಬಸ ಮುಗಿಸಿ ಮಗಳನ್ನು ಕರೆತಂದೆವು. ಬೀಗತಿ ತಾವೂ ಬಂದರು. ಮಗಳ ಅರಿವೆಯ ಚೀಲ ಮಾತ್ರ ಗಾಡಿಯಲ್ಲೇ ಉಳಿಯಿತು. ಇಳಿಸೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಅವರು ಸೀದಾ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತರು.

"ಬೆಚ್ಚಗ ಐತ್ರಿ."

ನಾನು ತಲೆ ಆಡಿಸಿದೆ. ಶೇಗಡಿಯನ್ನು ಬೆಳಿಗ್ಗೆಯಷ್ಟೇ ತೆಗೆದು ಬಚ್ಚಲ ಹಿಂದೆ ಅಡಗಿಸಿದ್ದೆ. ಗೋಡೆ ನಿಜವಾಗಿ ಒಣಗಿದೆಯೋ, ಸುಮ್ಮನೆ ಕಾದಿದೆಯೋ ನನಗೂ ಗೊತ್ತಿರಲಿಲ್ಲ.

ಚಹಾ ಕೈಗೆ ಕೊಡುವುದಕ್ಕೂ ಮಳೆ ಬರುವುದಕ್ಕೂ ಸರಿಹೋಯಿತು. ಸಣ್ಣ ಮಳೆಯಲ್ಲ. ಬೀಗತಿ ಚಹಾದ ಬಸಿ ಹಿಡಿದುಕೊಂಡೇ ಆ ಕೋಣೆಯ ಹೊರಸಿನ ಮೇಲೆ ಹೋಗಿ ಕೂತರು. ಮಗಳು ಅವರ ಪಕ್ಕ ಕೂತಳು. ನಾನು ಬಾಗಿಲಲ್ಲಿ ನಿಂತೆ. ಮೂವರೂ ಸೂರಿನ ಅಂಚನ್ನೇ ನೋಡಿದೆವು. ಸ್ವಲ್ಪ ಹೊತ್ತಿಗೆ ಹೊರಗೆ ಪೈಪಿನಿಂದ ನೀರು ಧೋ ಎಂದು ಅಂಗಳಕ್ಕೆ ಬೀಳುವ ಸಪ್ಪಳ ಕೇಳಿತು. ಗೋಡೆ ಬೆಳ್ಳಗೇ ಉಳಿಯಿತು. ಮಳೆ ಪೂರ್ತಿ ನಿಲ್ಲುವ ತನಕ ಬೀಗತಿ ಏಳಲಿಲ್ಲ. ಎದ್ದ ಮೇಲೆ ಡ್ರೈವರನನ್ನು ಕರೆದು ಚೀಲ ಇಳಿಸಲು ಹೇಳಿದರು.

ದೀಪಾವಳಿಯ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಈ ಮೊಬೈಲು ಕಲಿಸಿದವಳೂ ಅವಳೇ. ನೆಲ ಈಗಲೂ ಒಂದಿಷ್ಟು ವಾಲಿದೆ, ಗೌಂಡಿ ಹೆದರಿ ಈ ಸಲ ತಲೆಬಾಗಿಲ ಕಡೆ ವಾಲಿಸಿದ್ದಾನೆ. ಅದನ್ನು ಬೀಗತಿಗೆ ಹೇಳಿಲ್ಲ.

ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಮಗಳು ಆ ಕೋಣೆಯಲ್ಲಿ ಕೂತು, ನನಗೂ ಕೂಸಿಗೂ ತನ್ನ ಗಂಡನಿಗೂ ಬೈಯುತ್ತ, ಸಣ್ಣ ಹುಡುಗಿಯ ಹಾಗೆ ಗಂಟಲು ಬಿಟ್ಟು ಅತ್ತಳು. ನಾನು ಹೊರಸಿನ ಕೆಳಗಿನ ಕೆಂಡ ಕೆದಕಿ, ಬಾಗಿಲು ಎಳೆದುಕೊಂಡು, ಹೊರಗೆ ಕೂತು ಕೇಳಿದೆ. ಕೇಳುತ್ತ ಕೇಳುತ್ತಲೇ ಬೆನ್ನ ಹಿಂದಿನ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದೆ.