ಖಾಜಾಸಾಬರ ಹನ್ನೊಂದು ಬೋರ್ಡು

ಹುಬ್ಬಳ್ಳಿ ಬೆಂಗೇರಿಯ ಪೇಂಟರ್ ಖಾಜಾಸಾಬರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅವರ ಕೆಲಸವನ್ನು ಹತ್ತಿರದಿಂದ ಕಂಡವರಲ್ಲಿ ನಾಲ್ಕಕ್ಷರ ಬರೆಯಬಲ್ಲವನು ನಾನೊಬ್ಬನೇ. ನಾಚಿಕೆ ಬಿಟ್ಟು ಕೂತಿದ್ದೇನೆ.

ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಟ್ರ್ಯಾಕ್ಟರಿನ ಟ್ರೇಲರು, ಯಾವುದೇ ಇರಲಿ, ಕನ್ನಡ ಅಕ್ಷರ ಬರೆಯುವುದರಲ್ಲಿ ಅವರಂಥ ಕೈಯನ್ನು ನಾನು ಹುಬ್ಬಳ್ಳಿಯಲ್ಲಿ ನೋಡಿಲ್ಲ. ಬೇರೆಯವರು ಒಂದೊಂದೇ ಅಕ್ಷರ ಮುಗಿಸುತ್ತ ಹೋದರೆ, ಇವರು ಸಾಲಿನುದ್ದಕ್ಕೂ ತಲೆಕಟ್ಟುಗಳನ್ನಷ್ಟೇ ಮೊದಲು ಎಳೆದುಬಿಡುತ್ತಿದ್ದರು. ಅಕ್ಷರದ ಮೈ ಆಮೇಲೆ. ಎಲ್ಲ ಮುಗಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ ಬೆರಳುದ್ದದ ಸಹಿ: ‘ಖಾಜಾ, ಬೆಂಗೇರಿ’. ಮುಗಿಸಿದ ಬೋರ್ಡಿನ ಒಂದೇ ಒಂದು ಫೋಟೊ ಇಟ್ಟುಕೊಂಡವರಲ್ಲ. “ಬರದು ಕೊಟ್ಟ ಮ್ಯಾಲೆ ಅದು ಅಂಗಡ್ಯಾಂವಂದು” ಅನ್ನುತ್ತಿದ್ದರು.

ಎಂಟು ವರ್ಷದ ಹಿಂದೆ ನಾನು ಧಾರವಾಡದಲ್ಲಿ ಚಿತ್ರಕಲೆಯ ಕೊನೆಯ ವರ್ಷದಲ್ಲಿದ್ದೆ. ಮಾಳಮಡ್ಡಿಯ ಮನೆಯಿಂದ ಬಸ್ಸು ಹಿಡಿದು ವಾರಕ್ಕೆ ಮೂರು ದಿನ ಅವರ ಬಳಿ ಹೋಗುತ್ತಿದ್ದೆ. ಗೆರೆ ಅವರದು, ಒಳಗೆ ಬಣ್ಣ ತುಂಬುವುದು ನನ್ನದು. ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನವರು ಪೋರ್ಟ್‌ಫೋಲಿಯೊ ಕೇಳಿದರು. ಸ್ವಂತ ಕೆಲಸದ ಫೋಟೊಗಳ ಫೈಲು ಅದು. ನೌಕರಿ ಕೇಳಿಕೊಂಡು ಎಲ್ಲಿಗೆ ಹೋದರೂ ಮೊದಲು ನೋಡುವುದು ಅದನ್ನೇ. ನನ್ನ ಬಳಿ ಹಣ್ಣಿನ ಬುಟ್ಟಿಯ ನಾಲ್ಕು ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಅಳುಮೋರೆ ಹೊತ್ತು ಬೆಂಗೇರಿಗೆ ಹೋದೆ.

“ನಾವಿಬ್ರೂ ಕೂಡಿ ಮಾಡಿದ್ದು ಐತೆಲ್ಲೋ ತಮ್ಮಾ. ಅದರದ ಫೋಟೊ ಹೊಡ್ಕೊ.”

“ಅದರಾಗ ನಿಮ್ಮ ಸಹಿ ಅದಲ್ರಿ ಚಾಚಾ.”

ಮರುದಿನ ಅವರು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಹೊರಟರು. ಹನ್ನೊಂದು ಬೋರ್ಡುಗಳ ಮುಂದೆ ನಿಂತು, ಹಿಂದಿನ ಬಣ್ಣಕ್ಕೆ ಸರಿಯಾಗಿ ಬಣ್ಣ ಕಲಸಿ, ತಮ್ಮ ಹೆಸರನ್ನು ತಾವೇ ಮುಚ್ಚಿದರು. “ನನ್ನ ಹೆಸರು ಯಾರು ಓದ್ತಾರೋ? ಅಂಗಡಿ ಹೆಸರು ಓದಿ ಒಳಗ ಹೋಗ್ತಾರ” ಎಂದು ನಕ್ಕರು. ನಾನು ಹಿಂದಿಂದೆ ಫೋಟೊ ತೆಗೆಯುತ್ತ ಹೋದೆ. ನಿಜ ಹೇಳಬೇಕೆಂದರೆ ಆಗ ಖುಷಿಯೇ ಆಗಿತ್ತು.

ಆ ಫೈಲು ನನಗೆ ನೌಕರಿ ಕೊಡಿಸಿತು. ಈಗ ನಾನೇ ಒಂದು ಕಾಲೇಜಿನಲ್ಲಿ ಪೋರ್ಟ್‌ಫೋಲಿಯೊ ಮಾಡುವುದನ್ನು ಕಲಿಸುತ್ತೇನೆ. ಮಾದರಿಗೆಂದು ತೋರಿಸುವುದು ಅವೇ ಹನ್ನೊಂದು ಫೋಟೊ. ಇತ್ತ ಫ್ಲೆಕ್ಸು ಬಂದು ಒಂದೊಂದಾಗಿ ಆ ಬೋರ್ಡುಗಳೆಲ್ಲ ಇಳಿದವು. ಖಾಜಾಸಾಬರು ಮನೆಗಳಿಗೆ ಸುಣ್ಣಬಣ್ಣ ಹೊಡೆಯುವ ಕೂಲಿಗೆ ಹೋಗತೊಡಗಿದರು. ಅಂಥ ಕೈ!

ಹೋದ ತಿಂಗಳು ಅವರು ನಮ್ಮ ಮನೆಗೆ ಬಂದರು. ಗಬ್ಬೂರ ಬೈಪಾಸಿನ ಹತ್ತಿರ ಕಟ್ಟುತ್ತಿದ್ದ ಹೋಟೆಲೊಂದರವರಿಗೆ ಗೋಡೆ ತುಂಬ ಹಳೆಯ ಪದ್ಧತಿಯ ಕೈಬರಹ ಬೇಕಾಗಿತ್ತಂತೆ.

“ಹಿಂದ ಮಾಡಿದ್ದು ತೋರಸ್ರಿ ಅಂದ್ರು. ನನ್ನ ಕಡೆ ಏನೈತಿ? ಒಂದ ಬೋರ್ಡ್ ಸೈತ ಉಳದಿಲ್ಲ. ನಿನ್ನ ಫೈಲ್ ಒಂದಿನಾ ಕೊಡ್ತೀಯೇನು? ಸಾಯೋದ್ರಾಗ ಇನ್ನೊಮ್ಮೆ ಅಕ್ಷರ ಬರೀಬೇಕು ಅನಸೇತಿ.”

ಫೈಲು ತೆಗೆದುಕೊಂಡು ನಾನೂ ಜೊತೆಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದೆ.

ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವಳು ಸಾನ್ವಿ, ಮೂರು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದ ಹುಡುಗಿ. ನನ್ನನ್ನು ಕಂಡದ್ದೇ ಎದ್ದು ನಿಂತಳು. ಫೈಲು ತೆರೆದವಳು, “ಇವು ನಿಮ್ಮ ಬೋರ್ಡ್ ಅಲ್ರಿ ಸರ್? ಕ್ಲಾಸಿನ್ಯಾಗ ತೋರಿಸ್ತಿದ್ರಲ್ಲ. ಮತ್ತ ಈ ಕಾಕಾ?” ಅಂದಳು.

ಬಾಯಿ ತೆರೆದೆ. ಎರಡೇ ಮಾತು ಸಾಕಿತ್ತು. ಖಾಜಾಸಾಬರು ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡರೋ, “ನಾ ಸರ್ ಕೈಕೆಳಗ ಬಣ್ಣ ತುಂಬ್ತಿದ್ದೆ ನೋಡ್ರಿ ಮೇಡಂ” ಅಂದುಬಿಟ್ಟರು. ನಾನು ತೆರೆದ ಬಾಯಿ ಮುಚ್ಚಿದೆ. ಬರೆಯುವ ಕೆಲಸ ನನಗೆ ಬಂತು, ಬಣ್ಣ ತುಂಬುವುದು ಅವರಿಗೆ.

ಹೊರಗೆ ಬಂದು ಅವರ ಕೈ ಹಿಡಿದುಕೊಂಡೆ. “ನಿನ್ನ ನೌಕರಿ ಕಳದ್ರ ನನಗೇನ್ ಸಿಗ್ತೈತಿ? ಗೋಡಿ ಸಿಕ್ತಲ್ಲ, ನಡಿ” ಅಂದರು.

ಸೋಮವಾರ ಕೆಲಸ ಶುರುವಾಯಿತು. ಚಾಕ್‌ಪೀಸು ಹಿಡಿದು ಗೋಡೆಯ ಮುಂದೆ ನಿಂತೆ. ಮೂರನೆಯ ಅಕ್ಷರಕ್ಕೇ ಸಾಲು ಕೆಳಗಿಳಿಯಿತು. ಒರೆಸಿ ಬರೆದೆ, ಮತ್ತೆ ಇಳಿಯಿತು. ಚಾಚಾ ನನ್ನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು ಗೋಡೆಯ ಆ ತುದಿಯಿಂದ ಬರೆಯಲು ಹಿಡಿದರು. ಇಪ್ಪತ್ತು ಅಡಿಯ ಸಾಲು, ಒಂದು ಕೂದಲಿನಷ್ಟೂ ಅಲುಗಲಿಲ್ಲ. ಸಾನ್ವಿ ಯಾವಾಗ ಬಂದು ಹಿಂದೆ ನಿಂತಿದ್ದಳೋ ಗೊತ್ತಿಲ್ಲ.

“ಎಷ್ಟ ಛಲೋ ಕಲಿಸೀರಿ ಸರ್ ಇವರಿಗೆ!”

ಖಾಜಾಸಾಬರ ಕೈ ಒಂದು ಗಳಿಗೆ ನಿಂತು, ಮತ್ತೆ ಮುಂದಕ್ಕೆ ಹೋಯಿತು.

ನಾನು ಥ್ಯಾಂಕ್ಸ್ ಅಂದೆ.