ಬಾರದ ಕಾಯಿಲೆಯ ಜಗಳ

ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಥಿನ್ನರ್ ವಾಸನೆ. ನಿಮಗಾದರೆ ತಲೆನೋವು ಬರಬಹುದು. ನನಗೆ ನಮ್ಮ ಭಾವನ ಮೇಲೆ ಸಿಟ್ಟು ಬರುತ್ತದೆ.

ಭಾವ ಎಂದರೆ ನಮ್ಮಕ್ಕನ ಗಂಡ, ಕುಂದಾಣದವರು. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬೀರುಗಳಿಗೆ ಬಣ್ಣ ಹೊಡೆಯುವ ಕೆಲಸ. ಶಿಫ್ಟು ಮುಗಿದರೆ ಮೊಣಕೈವರೆಗೂ ಥಿನ್ನರಿನಲ್ಲೇ ತೊಳೆದುಕೊಳ್ಳುತ್ತಿದ್ದರು. ಸೋಪು ಕೊಟ್ಟರೆ, "ಸೋಪಿಗೆ ಹೋಗೋ ಬಣ್ಣ ಬಣ್ಣಾನೇ ಅಲ್ಲ ಕಣಮ್ಮ" ಎನ್ನುವರು.

ವಿಮಾನ ನಿಲ್ದಾಣ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಭಾವನಿಗೆ ಏದುಸಿರು. ದೇವನಹಳ್ಳಿಯಲ್ಲಿ ರಕ್ತ ನೋಡಿದವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷಿಸಿದ ಡಾಕ್ಟರಮ್ಮ ನಿಧಾನವಾಗಿ ಹೇಳಿದರು: ರಕ್ತವನ್ನು ಹುಟ್ಟಿಸುವ ತಾಯಿಕೋಶಗಳಲ್ಲಿ ಕೆಲವು ದಾರಿ ತಪ್ಪತೊಡಗಿವೆ. "ಇವತ್ತಿಗೆ ಇದು ರಕ್ತದ ಕ್ಯಾನ್ಸರ್ ಅಲ್ಲ. ಮುಂದೆ ಆಗಬಹುದು, ಆಗದೇನೂ ಇರಬಹುದು. ಥಿನ್ನರಿಂದಲೇ ಬಂತು ಅಂತ ಹೇಳಕ್ಕಾಗಲ್ಲ. ಆದ್ರೆ ಇನ್ಮೇಲೆ ಅದರ ಹತ್ರ ಹೋಗ್ಬೇಡಿ. ಮೂರು ತಿಂಗಳಿಗೊಂದ್ಸಲ ತೋರಿಸ್ಕೊಳ್ಳಿ."

ಹೊರಗೆ ಬಂದ ಭಾವ, "ಕ್ಯಾನ್ಸರ್ ಅಲ್ಲ ಅಂತ ಅವ್ರೇ ಹೇಳಿದ್ರಲ್ಲ, ಇನ್ಯಾಕೆ ಬರ್ಬೇಕು?" ಎಂದರು.

ಅವತ್ತು ಶುರುವಾಯಿತು ನನ್ನ ಗ್ರಹಚಾರ. ನಾನು ಶಾಲೆಯ ಟೀಚರು. ತಿಳಿಸಿ ಹೇಳಿದರೆ ಕಲ್ಲೂ ಕಲಿಯುತ್ತದೆಂಬ ಭ್ರಮೆ. ಹಾಳೆಯ ಮೇಲೆ ಮೂಳೆ, ಕೋಶ ಎಲ್ಲ ಬರೆದು ತೋರಿಸಿದೆ. "ಬದನೆಕಾಯಿ ಚೆನ್ನಾಗಿ ಬರ್ದಿದ್ಯ" ಎಂದರು. ಒಮ್ಮೆ ರಾಗಿ ಕೊಯ್ಲು, ಒಮ್ಮೆ ಯಾರದೋ ನಾಮಕರಣ, ಒಮ್ಮೆ ಗಾಡಿ ಪಂಕ್ಚರ್. ಆಸ್ಪತ್ರೆಯ ತಾರೀಖು ಬಂದರೆ ಸಾಕು, ಅವರಷ್ಟು ಕೆಲಸವಿರುವ ಮನುಷ್ಯ ತಾಲ್ಲೂಕಿನಲ್ಲೇ ಇಲ್ಲ. ಥಿನ್ನರ್ ಡಬ್ಬ ಮಾತ್ರ ಬಿಡಲಿಲ್ಲ.

ಎಂದೂ ದನಿ ಎತ್ತದ ಅಕ್ಕ ಒಂದು ದಿನ ಡಾಕ್ಟರ ಚೀಟಿ ಹಿಡಿದು ಕಾರ್ಖಾನೆಗೇ ಹೋದಳು. ನಾನೂ ಜೊತೆಗಿದ್ದೆ. ಶಿಫ್ಟು ಬದಲಾಗುವ ಹೊತ್ತು, ಗೇಟಿನ ತುಂಬ ಜನ. ಸೂಪರ್‌ವೈಸರನ್ನು ತಡೆದು, "ಸಾರ್, ನಮ್ಮೆಜಮಾನ್ರನ್ನ ಬಣ್ಣದಿಂದ ಬೇರೆ ಕಡೆ ಹಾಕಿ. ಹಾಕೋವರ್ಗೂ ನಾನು ಇಲ್ಲೇ ಕೂತಿರ್ತೀನಿ" ಎಂದು ನೆಲದ ಮೇಲೆ ಕೂತೇಬಿಟ್ಟಳು. ಭಾವ ಜೊತೆ ಕೆಲಸಗಾರರ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದರು.

ಮುಂದಿನ ವಾರ ಅವರನ್ನು ಪ್ಯಾಕಿಂಗಿಗೆ ಹಾಕಿದರು. ತಿಂಗಳುಗಟ್ಟಲೆ ಅಕ್ಕನ ಜೊತೆ ಮಾತಿಲ್ಲ. ಅವಳು ಎದುರಿಗೇ ಬಡಿಸುತ್ತಿದ್ದರೂ, "ಸಾರಿಗೆ ಉಪ್ಪು ಜಾಸ್ತಿ ಅಂತ ನಿಮ್ಮಕ್ಕಂಗೆ ಹೇಳು" ಎಂದು ನನಗೆ ಹೇಳುವರು.

ಗೊಣಗುತ್ತಲೇ ತಪಾಸಣೆಗೆ ಬರತೊಡಗಿದರು. ಒಮ್ಮೆ ಮಾತ್ರ ರಕ್ತದ ಕಣಗಳು ಮತ್ತೆ ಕುಸಿದವು. ಎರಡನೆಯ ಸಲ ಮಜ್ಜೆ ತೆಗೆದರು. ವರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಾಗ ಭಾವ ತಮ್ಮ ಅಂಗೈಗಳನ್ನೇ ನೋಡುತ್ತ, "ಅವ್ಳು ಅವತ್ತು ಗೇಟ್ ಹತ್ರ ಬರ್ದೇ ಇದ್ದಿದ್ರೆ..." ಎಂದು ನಿಲ್ಲಿಸಿದರು. ಅವರ ಭಯ ಕಂಡದ್ದು ಅದೊಂದೇ ಸಲ. ಕೋಶಗಳು ಇನ್ನಷ್ಟು ಕೆಟ್ಟಿಲ್ಲ ಎಂದು ವರದಿ ಬಂತು. "ಇಲ್ಲಿ ಕಾಫಿ ದಂಡ" ಎಂದು ಭಾವ ಎದ್ದು ನಡೆದರು.

ವರ್ಷಗಳೇ ಕಳೆದಿವೆ. ಕ್ಯಾನ್ಸರ್ ಬರಲಿಲ್ಲ. ಅದೇ ಈಗ ಅವರ ಅಸ್ತ್ರ. ಇವತ್ತೂ ಫೋನಿನಲ್ಲಿ ಅದೇ ರಾಗ: "ಏನಾಯ್ತು ಹೇಳು? ಏನೂ ಆಗ್ಲಿಲ್ಲ. ಅಕ್ಕ ತಂಗಿ ಸೇರ್ಕೊಂಡು ಸುಮ್ನೆ ಅಲೆಸಿದ್ರಿ."

ಮೊದಲಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ನಮ್ಮ ಓಡಾಟದಿಂದಲೇ ತಪ್ಪಿತೆಂದು ನಾನಾದರೂ ಹೇಗೆ ಸಾಧಿಸಲಿ? ಇನ್ನೂ ಇಪ್ಪತ್ತು ವರ್ಷ ಹೀಗೇ ಬೈದುಕೊಂಡಿರಲಿ.

"ಹೌದು ಭಾವ, ಸುಮ್ನೆ ಅಲೆಸಿದ್ವಿ. ಸೋಮವಾರ ಆಸ್ಪತ್ರೆಗೆ ಏಳಕ್ಕೆ ರೆಡಿಯಾಗಿರಿ" ಎಂದೆ.

"ಆರೂವರೆಗೇ ಬಾರಮ್ಮ. ಆಮೇಲೆ ಏರ್‌ಪೋರ್ಟ್ ರೋಡು ಜಾಮ್ ಆಗೋಗುತ್ತೆ" ಎಂದರು.